ಎರಡನೆಯದು ನಿಮಗೆ

ಬಾಂಬು ಸಿಡಿದ ಜಾಗದಲ್ಲಿ ಹೇಗೆ ಕೆಲಸ ಮಾಡಬೇಕೆಂದು ನಮಗೆ ಒಂದು ದಿನ ತರಬೇತಿ ಕೊಟ್ಟರು. ನಾನು ಕೊಪ್ಪದ ಆ್ಯಂಬುಲೆನ್ಸಿನಲ್ಲಿ ನರ್ಸ್. ಎಲ್ಲೋ ದೂರದ ನಗರದಲ್ಲಿ ಉಗ್ರರು ಬಾಂಬಿಟ್ಟ ಸುದ್ದಿ ಬಂದಿತ್ತು. ಶೃಂಗೇರಿಯಂಥ ಜನ ಸೇರುವ ಊರು ಪಕ್ಕದಲ್ಲೇ ಇದೆ, ನಾಳೆ ಏನಾದರೂ ಆದರೆ ಮೊದಲು ಓಡಬೇಕಾದವರು ನೀವು ಎಂದು ಅಗ್ನಿಶಾಮಕದವರನ್ನೂ ಪೊಲೀಸರನ್ನೂ ನಮ್ಮನ್ನೂ ಒಂದು ಮೈದಾನದಲ್ಲಿ ಸೇರಿಸಿದರು. ಕಾಡಿನಲ್ಲಿ ಬಂದೂಕು ಹಿಡಿದವರು ಓಡಾಡುತ್ತಿದ್ದ ವರ್ಷಗಳಲ್ಲಿ ನಮಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ಈಗ ಎಂತಕ್ಕೆ ಈ ದಂಡದ ಕೆಲಸ ಎಂದು ನಾನು ಬೆಳಿಗ್ಗೆಯಿಂದಲೇ ಗೊಣಗುತ್ತಿದ್ದೆ.

ಕಲಿಸಲು ಬಂದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಅಧಿಕಾರಿ. “ಮೊದಲನೇ ಬಾಂಬು ಜನಕ್ಕೆ, ಎರಡನೆಯದು ನಿಮಗೆ” ಎಂದರು. ಸದ್ದು ಕೇಳಿ ಸಹಾಯಕ್ಕೆ ಓಡಿ ಬರುವವರನ್ನು ಕೊಲ್ಲಲೆಂದೇ ಇನ್ನೊಂದನ್ನು ಹತ್ತಿರದಲ್ಲಿ ಇಟ್ಟಿರುತ್ತಾರಂತೆ. ಅದಕ್ಕೇ ಗಾಡಿ ದೂರ ನಿಲ್ಲಿಸಬೇಕು, ಪೊಲೀಸರು ನೆಲ ನೋಡಿ ಹೇಳುವ ತನಕ ಒಳಗೆ ಕಾಲಿಡಬಾರದು. ಹೇಳುವುದೇನೋ ಸುಲಭ. ನಮ್ಮ ಕಡೆ ಗುಡ್ಡದಿಂದ ಯಾರಾದರೂ ‘ಕೂ’ ಎಂದು ಕೂಗಿದರೆ ಉಣ್ಣುವ ಬಾಳೆಲೆ ಬಿಟ್ಟು ಓಡುವುದು ರೂಢಿ. ಹಾವು ಕಚ್ಚಿತೋ, ಮರದಿಂದ ಬಿದ್ದರೋ, ಕೇಳಿಕೊಂಡು ಹೋಗುವವರಿಲ್ಲ. ಮಧ್ಯಾಹ್ನದ ಅಣಕು ಕಾರ್ಯಾಚರಣೆಯಲ್ಲಿ, ಗಾಯಾಳುವಾಗಿ ಮಲಗಿದ್ದ ಕಾನ್‌ಸ್ಟೇಬಲ್ “ಅಯ್ಯಯ್ಯೋ” ಎಂದದ್ದೇ ತಡ, ನಾನು ಓಡಿದೆ. ಎರಡನೇ ಬಾಂಬೆಂದು ಹುಲ್ಲಿನಲ್ಲಿಟ್ಟಿದ್ದ ಟಿಫಿನ್ ಡಬ್ಬಿ ಕಾಲಿಗೆ ತಗುಲಿತು. ಅಧಿಕಾರಿ ಸೀಟಿ ಊದಿ, “ಸಿಸ್ಟರ್, ನೀವು ಸತ್ತಿರಿ. ಹೋಗಿ ಆ ಬೆಂಚಿನ ಮೇಲೆ ಕೂತ್ಕೊಳ್ಳಿ” ಎಂದರು.

ಮುಖ ಊದಿಸಿಕೊಂಡು ಕೂತಿದ್ದವಳಿಗೆ ಟೀ ತಂದುಕೊಟ್ಟವರು ನಮ್ಮ ಗಾಡಿಯ ಡ್ರೈವರ್. ಕೊಪ್ಪ ಪೇಟೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಸಾಹೇಬ್ರೆ ಎನ್ನುತ್ತಿದ್ದೆ. “ಸತ್ತವರಿಗೆ ಟೀ ಕೊಡಬಹುದಾ ಅಂತ ಆಫೀಸರ್ ಹತ್ರ ಕೇಳ್ಕೊಂಡೇ ತಂದೆ ಸಿಸ್ಟರ್” ಎಂದರು. ನಗು ತಡೆಯಲಾಗಲಿಲ್ಲ. ಆದರೆ ಆ ದಿನ ಹೇಳಿಕೊಟ್ಟದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಎಲ್ಲಿಗೆ ಹೋದರೂ ಗಾಡಿಯನ್ನು ವಾಪಸು ಹೋಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸುವುದು, ಇಳಿದು ಸುತ್ತ ನೆಲ ನೋಡುವುದು. ಭಂಡಿಗಡಿಯಿಂದ ಹೆರಿಗೆ ನೋವಿನವಳನ್ನು ಕರೆತರಲು ಹೋದಾಗಲೂ ಅದೇ. “ಎಂತ ಸಾಹೇಬ್ರೆ, ಬಸುರಿ ಹೆಂಗಸು ಬಾಂಬ್ ಇಟ್ಟಿದ್ದಾಳಾ?” ಎಂದು ನಾನು ರೇಗಿಸಿದರೆ, ಒಂದು ಸಲವೂ ಸಿಟ್ಟು ಮಾಡಿಕೊಂಡವರಲ್ಲ.

ಅದಾಗಿ ಎರಡು ವರ್ಷದ ಮೇಲೆ, ಕಾಫಿ ಕೊಯ್ಲಿನ ಸಮಯದಲ್ಲಿ, ಬಸರೀಕಟ್ಟೆಯಿಂದಾಚೆ ಒಂದು ತೋಟದಿಂದ ಬೆಳಿಗ್ಗೆ ಕರೆ ಬಂತು. ಎಂತದೋ ಸಿಡಿದು ಕೆಲಸದ ಹೆಂಗಸೊಬ್ಬಳ ಕೈ ಹೋಗಿದೆ ಎಂದರು. ನಾವು ಮುಟ್ಟಿದಾಗ ಪೊಲೀಸರು ಇನ್ನೂ ದಾರಿಯಲ್ಲಿದ್ದರು. ಕೊಯ್ಲಿನವರೆಲ್ಲ ಹೆದರಿ ತೋಟದ ಗೇಟಿಗೆ ಓಡಿ ಬಂದು ಗುಂಪಾಗಿ ನಿಂತಿದ್ದರು. “ಮತ್ತೆ ಕಾಡಿನವರು ಬಂದ್ರಾ ಮಾರಾಯ?” ಎಂದು ಯಾರೋ ಕೇಳಿದರು. ಸಾಹೇಬರು ಗಾಡಿ ತಿರುಗಿಸಿ ನಿಲ್ಲಿಸಿ, “ಸಿಸ್ಟರ್, ಬೇಡ. ಪೊಲೀಸ್ ಬರ್ಲಿ. ಇನ್ನೊಂದು ಇರಬಹುದು” ಎಂದರು.

ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಅವಳು ಬಿದ್ದಿದ್ದಳು. ಕಾಣುತ್ತಿರಲಿಲ್ಲ, ಕೇಳುತ್ತಿತ್ತು. “ಅಕ್ಕಾ, ಯಾರಾದ್ರೂ ಬನ್ನಿ ಅಕ್ಕಾ” ಎಂದು ಒಂದೇ ಸಮ ಕರೆಯುತ್ತಿದ್ದಳು. ನಾನು ನಿಂತೆ. ನಿಜವಾಗಿಯೂ ನಿಂತಿದ್ದೆ. ಆಗ ಗುಂಪಿನಲ್ಲಿದ್ದ ಮುದುಕಿಯೊಬ್ಬಳು, “ಸಂಬಳಕ್ಕೆ ಬಂದೋರು ಮಾರಾಯ್ತಿ, ಅವರಿಗೆ ಅವರ ಜೀವ ದೊಡ್ಡದು” ಎಂದಳು. ಅಷ್ಟು ಸಾಕಾಯಿತು ನನಗೆ, ಮೈಯೆಲ್ಲ ಉರಿದುಹೋಯಿತು. ಬ್ಯಾಗು ಎತ್ತಿಕೊಂಡು ಓಡಿದೆ. ಹಿಂದಿನಿಂದ ಸಾಹೇಬರು ಮತ್ತೆ “ಬೇಡ” ಎಂದು ಕೂಗಿದ್ದು ಕೇಳಿಸಿತು.

ಅವಳ ಬಲಗೈಯಲ್ಲಿ ಬೆರಳುಗಳಿರಲಿಲ್ಲ. ನೆಲಕ್ಕುದುರಿದ ಹಣ್ಣು ಆರಿಸುವಾಗ ಉಂಡೆಯಂಥದ್ದೇನೋ ಸಿಕ್ಕಿತಂತೆ, ಎತ್ತಿ ಎಸೆಯಲು ಹೋದಳಂತೆ. ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದೆ, ರಕ್ತ ನಿಂತಿತು. ಅಲ್ಲಿಗೆ ಅವಳ ಜೀವದ ಅಪಾಯ ಹೆಚ್ಚು ಕಡಿಮೆ ಕಳೆದಿತ್ತು. ಅವಳ ಪಕ್ಕದಲ್ಲಿ ಕೂತು ಪೊಲೀಸರಿಗೆ ಕಾಯಬಹುದಿತ್ತು. ಇಷ್ಟು ವರ್ಷದ ಅನುಭವ ಇದ್ದವಳಿಗೆ ಇದು ಗೊತ್ತಾಗಬೇಕಿತ್ತು. ಆದರೆ ಅವಳ ಕಣ್ಣು ಮೇಲಕ್ಕೆ ಹೋದದ್ದು ನೋಡಿ ನನಗೆ ಗಾಬರಿಯಾಯಿತು. “ಸಾಹೇಬ್ರೇ, ಸ್ಟ್ರೆಚರ್ ತನ್ನಿ! ಬೇಗ!” ಎಂದು ಕೂಗಿದೆ.

ಅವರು ಬಂದರು. ನಾನು ತುಳಿದ ಜಾಗವನ್ನೇ ನೋಡಿ ನೋಡಿ ತುಳಿಯುತ್ತ ಬಂದರು. ಅವರು ಹೊರಟದ್ದು ಕಂಡು ಗೇಟಿನಲ್ಲಿದ್ದ ಜನರೂ ಧೈರ್ಯ ಮಾಡಿ ಹಿಂದೆ ನುಗ್ಗಿದರು. ಸಾಹೇಬರು ತಿರುಗಿ, ಸ್ಟ್ರೆಚರನ್ನು ದಾರಿಗೆ ಅಡ್ಡ ಹಿಡಿದು, “ಬರಬೇಡಿ! ಅಲ್ಲೇ ನಿಲ್ಲಿ!” ಎಂದು ಗದರಿದರು. ಹಾಗೆ ಅಡ್ಡ ನಿಲ್ಲುವಾಗ ಅವರ ಬಲಗಾಲು ದಾರಿ ಬಿಟ್ಟು ಪಕ್ಕದ ತರಗೆಲೆಯ ಮೇಲೆ ಬಿತ್ತು.

ಸದ್ದು ದೀಪಾವಳಿಯ ದೊಡ್ಡ ಪಟಾಕಿಯಷ್ಟು ಇತ್ತು. ಆಮೇಲಿನದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ತೋಟದ ಜೀಪು ಓಡಿಸುವವನು ನಮ್ಮ ಗಾಡಿ ಓಡಿಸಿದ. ಹಿಂದೆ ಇಬ್ಬರು ಗಾಯಾಳುಗಳು, ನನಗೆ ಇರುವುದು ಎರಡೇ ಕೈ. “ಅವರನ್ನ ಮೊದ್ಲು ನೋಡಿ ಸಿಸ್ಟರ್” ಎಂದು ಸಾಹೇಬರು ಅಂದಾಗ, “ಬಾಯಿ ಮುಚ್ಕೊಂಡು ಮಲಕ್ಕೊಳ್ಳಿ ನೀವು” ಎಂದು ಬೈದೆ. ಬೈಯುತ್ತ ಅಳುತ್ತಿದ್ದೆ.

ಪೊಲೀಸರು ತೋಟ ಶೋಧಿಸಿದಾಗ ಅಂಥವು ಇನ್ನೂ ಸಿಕ್ಕವು. ಕಾಡುಹಂದಿ ಕೊಲ್ಲಲು ಕೋಳಿಯ ಕರುಳಿನಲ್ಲಿ ಸುತ್ತಿ ಯಾರೋ ಕದ್ದು ಇಟ್ಟಿದ್ದ ನಾಡಬಾಂಬುಗಳು. “ಅಬ್ಬ, ಹಂದಿಗೆ ಇಟ್ಟಿದ್ದಂತೆ, ಉಗ್ರರದ್ದಲ್ಲವಂತೆ” ಎಂದು ಊರಿಗೆ ಊರೇ ನಿರಾಳವಾಯಿತು. ನನಗೆ ಕೆಟ್ಟ ಸಿಟ್ಟು ಬಂತು. ಯಾರಿಗೆಂದು ಇಟ್ಟದ್ದು ಅಂತ ಕಾಲಿಗೆ ಗೊತ್ತಾಗುತ್ತದಾ? ಆ ಹೆಂಗಸು ಬದುಕಿಕೊಂಡಳು. ಸಾಹೇಬರ ಬಲ ಪಾದವನ್ನು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ತೆಗೆದರು.

ತಿಂಗಳೊಳಗೆ ಹರಿಹರಪುರದ ಕಡೆಯ ಒಂದು ಸಂಘದವರು ನನ್ನನ್ನು ಕರೆದು, ಜೀವದ ಹಂಗು ತೊರೆದು ನುಗ್ಗಿದವಳು ಎಂದು ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅದೇ ವಾರ ಕಚೇರಿಯಿಂದ ವಿಚಾರಣೆಯ ಪತ್ರ ಬಂತು. ಡ್ರೈವರ್ ತರಬೇತಿಯ ನಿಯಮ ಮುರಿದು ತಾನಾಗಿ ಒಳಗೆ ಹೋದನೇ, ಅಥವಾ ಯಾರಾದರೂ ಕರೆದರೇ ಎಂದು ಕೇಳಿದ್ದರು. ತಾನಾಗಿ ಹೋದದ್ದಾದರೆ ಅದು ಅವನದೇ ತಪ್ಪು, ಕೂತು ಮಾಡುವ ಬೇರೆ ಕೆಲಸ ಕೊಡಲು ಬರುವುದಿಲ್ಲ. ಕರೆದದ್ದಾದರೆ ಅವನಿಗೆ ಆ ಕೆಲಸ, ಕರೆದವರ ಮೇಲೆ ಕ್ರಮ.

ಪತ್ರ ಹಿಡಿದುಕೊಂಡು ಶಿವಮೊಗ್ಗಕ್ಕೆ ಹೋದೆ. ಸಾಹೇಬರು ಗೋಡೆಗೊರಗಿ ಕೂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ. “ನಾನು ನಿನ್ನೆಯೇ ಬರೆದು ಕೊಟ್ಟೆ ಸಿಸ್ಟರ್. ನಾನಾಗೇ ಹೋದೆ ಅಂತ. ನೀವೂ ಹಾಗೇ ಬರೀರಿ. ಇಬ್ರಲ್ಲಿ ಒಬ್ರದ್ದಾದ್ರೂ ಕೆಲಸ ಉಳೀಲಿ” ಎಂದರು. ದೇವರೇ, ನನಗೆ ಆ ಕ್ಷಣ ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ, ಎದೆಯ ಭಾರ ಇಳಿದಂತೆ ಆಯಿತು.

ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. “ನೀವು ಕರೆದ್ರಾ?” ಎಂದು ಕೇಳಿದರು.

“ಸುಮ್ಮನಿರು” ಎಂದರು ಸಾಹೇಬರು.

“ಕರೆದೆ” ಎಂದೆ.

“ಇವರು ನಿಮ್ಮ ಮನೆ ಉಳಿಸ್ತಾ ಇದ್ದಾರೆ. ನಮ್ಮನೆ ಯಾರು ಉಳಿಸ್ತಾರೆ?” ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಉತ್ತರ ಬೇಕು ಎನ್ನುವ ಹಾಗೆ ಕೇಳಿದರು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕಾಗದ ಇಟ್ಟುಕೊಂಡು ಅಲ್ಲೇ ಬರೆದೆ. ಮೊದಲು ಒಳಗೆ ಹೋದವಳು ನಾನು, ಅವರು ಬೇಡವೆಂದು ಎರಡು ಸಲ ಹೇಳಿದ್ದರು, ಆಮೇಲೆ ಸ್ಟ್ರೆಚರ್ ತರಲು ಕೂಗಿ ಕರೆದವಳೂ ನಾನೇ ಎಂದು ಬರೆದು ಸಹಿ ಮಾಡಿದೆ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಅವರ ಹೆಂಡತಿಗೆ ಕನ್ನಡ ಓದಲು ಬರುತ್ತಿರಲಿಲ್ಲ. “ಓದಿ ಹೇಳಿ” ಎಂದರು. ಓದಿದೆ. ಮುಗಿದ ಮೇಲೆ, “ಬೇಡ ಅಂದಿದ್ರು ಅಂತ ಬರೆದಿದ್ದೀರಲ್ಲ, ಅದನ್ನ ಇನ್ನೊಂದ್ಸಲ ಓದಿ” ಎಂದರು.