ಸುಮ್ಮನಿದ್ದ ಸ್ಕ್ಯಾನರ್

ಸುನಂದಾ, ಆ ಮಧ್ಯಾಹ್ನ ನೀನು ಯಾವ ಬಟನ್ನನ್ನೂ ತಪ್ಪಾಗಿ ಒತ್ತಿರಲಿಲ್ಲ. ನಿನ್ನ ಅಣ್ಣನಾದ ನಾನು ಆರಿಸಿಕೊಟ್ಟ, ಬೇರೆಯವರ ರೇಡಿಯೋ ಮಾತು ಹಿಡಿದು ಕೇಳಿಸುವ ಆ ಕೈಸ್ಕ್ಯಾನರ್‌ಗೆ ನಿಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಅಗ್ನಿಶಾಮಕದವರ ಮಾತು ಕೇಳಿಸುವ ಶಕ್ತಿಯೇ ಇರಲಿಲ್ಲ — ಮತ್ತು ಅದು ನನಗೆ ಬೆಂಕಿ ಬೀಳುವ ಮೂರು ವಾರ ಮೊದಲೇ ಗೊತ್ತಿತ್ತು.

ಏಳು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡೆ. ರೇಡಿಯೋ ವಿಷಯದಲ್ಲಿ ನನ್ನ ಮೇಲೆ ನನಗೆ ಎಂದೂ ಅನುಮಾನ ಬಂದದ್ದಿಲ್ಲ. ಅದೇ ನನ್ನ ರೋಗ.

ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಹುಬ್ಬಳ್ಳಿಯಲ್ಲಿ ಕಲಿತ ರೇಡಿಯೋ ರಿಪೇರಿ ಕೆಲಸದ ಮೇಲೇ ಈ ದೇಶಕ್ಕೆ ಬಂದು ಪೇರ್ಲ್ಯಾಂಡಿನಲ್ಲಿ ಅಂಗಡಿ ಹಾಕಿದೆ. ನೀನು, ನಿನ್ನ ಗಂಡ ಗಿರೀಶ, ಇಬ್ಬರೂ ಓದಿದವರು. ನೀವು ನನ್ನನ್ನು ಕೇಳಿ ತಿಳಿಯಬೇಕಾದ ವಿಷಯ ಇದೊಂದೇ ಇತ್ತು.

ಆ ವರ್ಷ ಬೇಸಿಗೆಯಿಡೀ ಹನಿ ಬಿದ್ದಿರಲಿಲ್ಲ. ಆಸ್ಟಿನ್ನಿನ ಪಶ್ಚಿಮದ ಗುಡ್ಡದಲ್ಲಿ ನಿಮ್ಮ ಮನೆ, ಹಿತ್ತಲಿಗೆ ತಾಗಿ ಒಣಗಿದ ಸೀಡರ್ ಮರಗಳು, ಒಳಗೆ ಗಾಲಿಕುರ್ಚಿಯಲ್ಲಿ ನಿನ್ನ ಮಾವನವರು. ಹಗಲೆಲ್ಲ ನೀನೊಬ್ಬಳೇ. ಕಾಡ್ಗಿಚ್ಚು ಎಲ್ಲಿಗೆ ಬಂತೆಂದು ಅರ್ಧ ತಾಸು ಮೊದಲು ತಿಳಿದರೂ ಸಾಕು, ಅವರನ್ನು ಕಾರಿಗೆ ಹತ್ತಿಸಿಬಿಡುತ್ತೇನೆ ಎಂದು ನೀನು ಹೇಳಿದ್ದೆ. "ನನಗ ಇದ್ರಾಗಿಂದು ಏನೂ ತಿಳಿಯಂಗಿಲ್ಲ ಅಣ್ಣಾ. ಹೊಸಬ್ರಿಗೆ ಸರಳ ಇರೂದೊಂದು ನೀನ ಆರಿಸಿ ಕೊಡು."

ಆರಿಸಿದೆ. ಡಬ್ಬಿಯ ಮೇಲೆ ಡಿಜಿಟಲ್ ಎಂದು ದಪ್ಪಗೆ ಬರೆದಿತ್ತು. ಅದರ ಕೆಳಗಿನ ಸಣ್ಣ ಅಕ್ಷರ — ಓದಲಿಲ್ಲ. ನಮ್ಮೂರಿನ ಅಂಗಡಿಗಳಲ್ಲಿ ಅಂಕಿ ಹೊಳೆಯುವುದೆಲ್ಲ ಡಿಜಿಟಲ್ ಅಲ್ಲವೇ? ಡಿಜಿಟಲ್ ಗಡಿಯಾರ, ಡಿಜಿಟಲ್ ಮೀಟರ್. ಚಾಲೂ ಮಾಡಿದೆ, ಹವಾಮಾನದ ದನಿ ಬಂತು, ವಿಮಾನದವರ ಮಾತು ಬಂತು. ಇನ್ನೇನು ಬೇಕು ಎಂದುಕೊಂಡೆ.

ನಿಮ್ಮ ಮನೆಯಲ್ಲಿ ಊಟಕ್ಕೆ ಎಲ್ಲರೂ ಸೇರಿದ್ದಾಗ ಅದನ್ನು ನಿನ್ನ ಕೈಗಿಟ್ಟೆ. "ಅಣ್ಣಾರ, ನೆಟ್‌ನ್ಯಾಗ ಒಮ್ಮೆ ರಿವ್ಯೂ ನೋಡೂಣೇನ್ರಿ?" ಎಂದ ಗಿರೀಶ. "ರಿವ್ಯೂ ಬರದವ್ರು ಯಾವಾಗಾರ ಸೋಲ್ಡರ್ ಹಿಡದಾರೇನ್ರಿ?" ಎಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನೀನು ನಕ್ಕೆ — ನನ್ನ ಪರವಾಗಿ.

ಮುಂದಿನ ವಾರ ಅಂಗಡಿಗೆ ಒಬ್ಬರು ನಿವೃತ್ತ ಅಗ್ನಿಶಾಮಕದವರು ಬಂದರು. ಅಂಥದೇ ಸ್ಕ್ಯಾನರನ್ನು ಅವರಿಗೆ ಹೆಮ್ಮೆಯಿಂದ ತೋರಿಸಿದೆ. ಇದರಲ್ಲಿ ಡಿಜಿಟಲ್ ಅನ್ನುವುದು ಅಂಕಿ ತೋರಿಸುವ ಗಾಜು ಮಾತ್ರ, ಒಳಗೆಲ್ಲ ಹಳೆಯ ಅನಲಾಗ್ ಎಂದರು. ಈಗ ಎಷ್ಟೋ ಕಡೆ ಅಗ್ನಿಶಾಮಕದವರ ಮಾತೇ ಅಂಕಿಗಳ ಸಂಕೇತವಾಗಿ ಹೋಗುವ ಡಿಜಿಟಲ್ ಆಗಿದೆ, ಇಂಥ ಸೆಟ್ಟಿಗೆ ಅದು ಅರ್ಥವಾಗುವುದಿಲ್ಲ ಎಂದರು. ನಿಮ್ಮ ಕೌಂಟಿಯ ಹೆಸರು ಹೇಳಿದೆ. ಫೋನಿನಲ್ಲಿ ನೋಡಿ ತಲೆಯಾಡಿಸಿದರು — ಅಲ್ಲೂ ಬದಲಾಗಿತ್ತು.

ನಿನಗೆ ಫೋನ್ ಮಾಡಲು ಹೊರಟೆ. ಮೊದಲ ರಿಂಗ್ ಆಗುವ ಮುಂಚೆ ಗಿರೀಶನ ಮುಖ ಕಣ್ಣೆದುರು ಬಂತು. ಕಟ್ ಮಾಡಿದೆ. ಮುಂದಿನ ಸಲ ಹೋದಾಗ ಸುಮ್ಮನೆ ಬದಲಾಯಿಸಿಬಿಟ್ಟರಾಯಿತು ಎಂದುಕೊಂಡೆ — ಬೆಂಕಿಯೂ ನನ್ನ ಅನುಕೂಲ ನೋಡಿ ಬರುತ್ತದೆ ಎಂಬಂತೆ.

ಗುಡ್ಡದಾಚೆ ಹೊಗೆ ಕಂಡಾಗ ನೀನು ಅಡುಗೆಕಟ್ಟೆಯ ಮೇಲೆ ಸ್ಕ್ಯಾನರ್ ಇಟ್ಟುಕೊಂಡು ನಲವತ್ತು ನಿಮಿಷ ಕಾದೆ. ಮಾತಿಲ್ಲ ಎಂದರೆ ಬೆಂಕಿ ಇನ್ನೂ ದೂರವಿದೆ ಎಂದು ನಂಬಿದೆ. ನನ್ನನ್ನು ನಂಬಿದೆ. ಪಕ್ಕದ ಮನೆಯಾಕೆ ಬಾಗಿಲು ಬಡಿದಾಗ ರಸ್ತೆಯೇ ಕಾಣುತ್ತಿರಲಿಲ್ಲ. ಮನೆ ಉಳಿಯಿತು; ಆದರೆ ಆ ಹೊಗೆಯಲ್ಲಿ ನೀನು ಹೊರಗೆ ತಂದ ಮಾವನವರ ಮೂಗಿಗೆ ಅಂದು ಹಾಕಿದ ಆಕ್ಸಿಜನ್ ಕೊಳವೆಯನ್ನು ಅವರು ತೀರಿಹೋಗುವವರೆಗೂ ತೆಗೆಯಲಾಗಲಿಲ್ಲ.

ಆಸ್ಪತ್ರೆಯಲ್ಲಿ ನೀನು ಕೇಳಿದೆ: "ನಂಬರ್ ಓಡಾಕತ್ತಿದ್ವು ಅಣ್ಣಾ, ದನಿ ಬರಲಿಲ್ಲ. ನಾನ ಏನರೆ ತಪ್ಪು ಒತ್ತಿದ್ನೇನೋ?"

ನಾನು ಹೇಳಿದೆ: "ಇರಬಹುದವ್ವಾ."

ಸ್ಕ್ಯಾನರ್ ತಪ್ಪಾಗಿ ಆರಿಸಿದ್ದು ತಿಳಿಯದೆ ಆದದ್ದು. ಇದು ತಿಳಿದೇ ಆಡಿದ ಮಾತು. ಅಂದಿನಿಂದ ನೀನು ಒಲೆಯ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುತ್ತೀ. ಹೊಸ ಮಿಕ್ಸರ್ ತಂದರೂ ಮೊದಲು ಗಿರೀಶನೇ ಹಚ್ಚಬೇಕು. "ನನ್ನ ಕೈಯಾಗ ಮಷೀನ್ ಕೊಡಬ್ಯಾಡ್ರಿ" ಎಂದು ಪ್ರತಿ ಹಬ್ಬದಲ್ಲೂ ನಗಿಸುತ್ತೀ. ಎಲ್ಲರ ಜೊತೆ — ನಾನೂ ನಕ್ಕಿದ್ದೇನೆ.

ಈಗ ಯಾರಾದರೂ ಮೊದಲ ಸ್ಕ್ಯಾನರ್ ಕೊಳ್ಳಲು ಬಂದರೆ ಎಲ್ಲಿರುತ್ತೀರಿ, ಯಾರ ಮಾತು ಕೇಳಬೇಕು ಎಂದು ಮೊದಲು ಕೇಳುತ್ತೇನೆ. ಸೆಟ್ಟು ತೋರಿಸುವುದು ಆಮೇಲೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಈ ಕಡೆ ಕಡಿಮೆ. ಅದನ್ನು ಕಲಿತದ್ದು ನಿನ್ನ ಮಾವನವರ ಉಸಿರಿನಿಂದ.

ಕಳೆದ ತಿಂಗಳು ಡಲ್ಲಾಸ್ ಹತ್ತಿರದ ಹಳೆಯ ರೇಡಿಯೋಗಳ ಸಂತೆಯಲ್ಲಿ ನಿಮ್ಮ ಕೌಂಟಿಗೆ ಹೊಂದುವ ಒಂದನ್ನು ಕೊಂಡೆ. ನನಗೆ ಇಂಗ್ಲಿಷ್ ಓದಲು ಬರುವುದು ಅಷ್ಟಕ್ಕಷ್ಟೇ, ಸಣ್ಣ ಅಕ್ಷರವನ್ನೂ ಓದಿ ಹೇಳಿ ಎಂದು ಮಾರುವವನನ್ನೇ ಕೇಳಿದೆ. ಓದಿದ. ಅಷ್ಟೇ ಇತ್ತು ನೋಡು ಕೆಲಸ.

ಭಾನುವಾರ ಎಲ್ಲರೂ ಊಟಕ್ಕೆ ಸೇರುವಾಗ ಅದನ್ನು ಹಿಡಿದು ಬರುತ್ತೇನೆ. ಈ ಕಾಗದ ಅಷ್ಟರೊಳಗೆ ನಿನ್ನ ಕೈ ಸೇರಿರುತ್ತದೆ. ಆದರೂ ಅಂದು ನಕ್ಕವರೆಲ್ಲರ ಎದುರಿಗೆ, ಮೊದಲು ಗಿರೀಶನಿಗೆ, ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಊಟಕ್ಕೆ ಕೂರುವ ಮುಂಚೆಯೇ. ಆಮೇಲೆ ನನ್ನ ಮುಂದೆ ತಾಟು ಇಡುತ್ತೀಯೋ ಇಲ್ಲವೋ — ಅದು ನಿನಗೆ ಬಿಟ್ಟದ್ದು.