ಸಂತೆಯಲ್ಲಿ ನಿಂತ ನಮ್ಮ ಭಾವ

ಕಳೆದ ಚಳಿಗಾಲದಲ್ಲಿ ಅಕ್ಕನಿಗೆಂದು ಒಂದು ಕರಿ ಕಂಬಳಿ ಕೊಂಡೆ. ಮನೆಗೆ ತಂದು ಮಡಿಕೆ ಬಿಚ್ಚಿದೊಡನೆ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಹೊಡೆಯಿತು. ಕಂಬಳಿ ಬಿರುಸಾಗಿರಲೆಂದು ನೇಯುವವರು ಬಳಿಯುವ ಗಂಜಿ ಅದು. ಅಕ್ಕ ಕಂಬಳಿಯನ್ನು ಮುಟ್ಟಲಿಲ್ಲ. "ಅದ್ನ ಬಿಸಿಲಿಗಾಕು" ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಆ ವಾಸನೆಯಲ್ಲೇ ಸ್ವಲ್ಪ ಹೊತ್ತು ಕುಳಿತೆ. ಭಾವ ಪಡಸಾಲೆಗೆ ಕಾಲಿಟ್ಟರೆ ಅವರಿಗಿಂತ ಮೊದಲು ಬರುತ್ತಿದ್ದದ್ದು ಇದೇ ವಾಸನೆ... ಮಧುಗಿರಿಯ ಈ ಬಾಡಿಗೆ ಮನೆಯಲ್ಲಿ ನಾವು ಅಕ್ಕ ತಂಗಿ ಇಬ್ಬರೇ ಇದ್ದೇವೆ. ಅವಳ ಗಂಡನ ಮಾತನ್ನು ನಾವು ಎತ್ತುವುದಿಲ್ಲ.

ಭಾವ ಬುಕ್ಕಾಪಟ್ಟಣದವರು. ಹಟ್ಟಿಗಳನ್ನು ಸುತ್ತಿ ಕಂಬಳಿ ಕೊಂಡು ಶಿರಾ ಸಂತೆಯಲ್ಲಿ ಮಾರುವುದು ಅವರ ಮನೆತನದ ವ್ಯಾಪಾರ. ಸಂತೆಯ ಹಿಂದಿನ ದಿನವೇ ಗಾಡಿ ಕಟ್ಟಿಕೊಂಡು ಶಿರಾದ ನಮ್ಮ ಮನೆಗೆ ಬಂದಿಳಿಯುತ್ತಿದ್ದರು. ಅವರಿಗೆ ಉಗ್ಗು. ಮೊದಲಕ್ಷರಕ್ಕೇ ತುಟಿ ಸಿಕ್ಕಿಕೊಂಡರೆ ಎದುರಿಗಿದ್ದವರು ಬೇರೆ ಕಡೆ ನೋಡಬೇಕಾಗುತ್ತಿತ್ತು. ನಮ್ಮಪ್ಪನ ಮುಂದಂತೂ ಹೂಂ, ಊಹೂಂ ಬಿಟ್ಟರೆ ಮತ್ತೇನೂ ಆಡುತ್ತಿರಲಿಲ್ಲ. ಆದರೆ ಓದುವಾಗ ಮಾತ್ರ ಉಗ್ಗು ಎಲ್ಲಿ ಹೋಗುತ್ತಿತ್ತೋ. ಅಚ್ಚಿನ ಅಕ್ಷರ ಕಣ್ಣೆದುರು ಇದ್ದರೆ ನಾಲಿಗೆ ತಡೆಯಿಲ್ಲದೆ ಹರಿಯುತ್ತಿತ್ತು. ನನಗೆ ಅಕ್ಷರ ಕಲಿಸಿದವರು ಅವರೇ. ಹೆಣ್ಣಿಗೆ ಯಾಕೆ ಓದು ಎಂದು ಅವ್ವ ಗೊಣಗುತ್ತಿದ್ದಳು, ಆದರೆ ಅಳಿಯನಿಗೆ ಬೇಡವೆನ್ನುವಂತಿರಲಿಲ್ಲ.

ಒಂದು ಸಂತೆಯಲ್ಲಿ ಪಾದ್ರಿ ಕಡೆಯವರು ಮಾರುತ್ತಿದ್ದ ಸಣ್ಣದೊಂದು ಸುವಾರ್ತೆ ಪುಸ್ತಕವನ್ನು ಕೊಂಡು ತಂದರು. ನನ್ನ ಓದಿಗೆಂದೇ ತಂದದ್ದು. ಅಕ್ಷರ ದಪ್ಪಗಿದೆ ಎಂಬುದೊಂದೇ ಕಾರಣ. ನಾನು ನಾಲ್ಕು ಪುಟ ಓದಿ ಬಿಟ್ಟೆ. ಅವರಿಗೆ ಬಿಡಲಾಗಲಿಲ್ಲ. ಯೇಸು ಕರೆದ ಕೂಡಲೇ ಮೀನು ಹಿಡಿಯುವ ಅಣ್ಣ ತಮ್ಮಂದಿರು ಬಲೆಯನ್ನೂ ದೋಣಿಯಲ್ಲಿದ್ದ ತಂದೆಯನ್ನೂ ಬಿಟ್ಟು ಹಿಂದೆ ನಡೆದ ಕತೆಯನ್ನು ಒಂದು ಮಧ್ಯಾಹ್ನ ನನಗೆ ಎರಡು ಸಲ ಓದಿ ಹೇಳಿದರು.

"ಆ ಮುದುಕಪ್ಪನ ಗತಿ ಏನಾಯ್ತು ಭಾವ?" ಎಂದು ಕೇಳಿದೆ.

ಪುಟವನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿದರು. "ಅ... ಅದ್ನ ಬರ್ದಿಲ್ಲ ಕಣವ್ವ" ಎಂದರು.

ಅದಾಗಿ ಎರಡು ವರ್ಷಕ್ಕೆ ತುಮಕೂರಿಗೆ ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದರು. ಬಂದವರು ಯಾರ ಕೈಲೂ ಹೇಳಿ ಕಳಿಸದೆ ನೇರವಾಗಿ ನಮ್ಮ ಮನೆಗೇ ಬಂದರು. ಅಕ್ಕ ಎರಡು ವರ್ಷದ ಮಗಳೊಂದಿಗೆ ತವರಿನಲ್ಲಿದ್ದಳು. ಅಪ್ಪನ ಕಣ್ಣು ಮೊದಲು ಹೋದದ್ದು ಅವರ ಬರಿಗೊರಳಿಗೆ.

"ಲಿಂಗದ ಕರಡಿಗೆ ಎಲ್ಲಿ?"

"ಮ... ಮಠಕ್ಕೆ ಒಪ್ಪಿಸ್ಬುಟ್ಟೆ ಮಾವ. ಬಿಸಾಕಾಕೆ ಮನಸು ಬರ್ನಿಲ್ಲ."

"ಅಂಗಾರೆ ನನ್ನ ಮಗ್ಳನ್ನೂ ಇಲ್ಲೇ ಒಪ್ಪಿಸ್ಬುಟ್ಟು ಹೋಗು."

ಭಾವ ಅಕ್ಕನ ಕಡೆ ತಿರುಗಿದರು. ಅವಳು ಮಗುವನ್ನೆತ್ತಿಕೊಂಡು ಕಂಬದ ಪಕ್ಕ ನಿಂತಿದ್ದಳು. ಅವರ ತುಟಿ ಕೂಡಿತು, ಬಿಚ್ಚಲಿಲ್ಲ. ಬಾ ಎನ್ನಲು ಹೊರಟಿದ್ದರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಆ ಒಂದಕ್ಷರ ಬರಲಿಲ್ಲ. ಅಕ್ಕ ಕಾದಳು. ನಾನು ನೋಡಿದೆ, ಅವಳು ನಿಜವಾಗಿ ಕಾದಳು. ಅಪ್ಪ ಎದ್ದು ಅವರ ಹೆಗಲು ಹಿಡಿದು ಹೊಸಿಲ ಆಚೆಗೆ ತಳ್ಳಿ ಬಾಗಿಲು ಹಾಕಿದರು. ಅಷ್ಟೇ. ಅದೇ ವಾರ ಭಾವನ ಅಣ್ಣತಮ್ಮಂದಿರೂ ನಮ್ಮಪ್ಪನೂ ಸೇರಿ, ಸತ್ತವರಿಗೆ ಮಾಡುವುದನ್ನೆಲ್ಲ ಅವರ ಹೆಸರಿನಲ್ಲಿ ಮಾಡಿ ಮುಗಿಸಿದರು. ಅಕ್ಕನ ತಾಳಿ ತೆಗೆಸಿದರು.

ಪಾದ್ರಿಗಳು ಅವರನ್ನು ಶಿರಾಕ್ಕೇ ಉಪದೇಶಿಯಾಗಿ ಹಾಕಿದರು. ಮಾತು ಬಾರದವರನ್ನು ಮಾತಿನ ಕೆಲಸಕ್ಕೆ ಯಾಕೆ ಹಾಕಿದರೋ. ಅವರೇ ಕಾಡಿ ಬೇಡಿ ಕೇಳಿದ್ದರೆಂದು ಆಮೇಲೆ ಗೊತ್ತಾಯಿತು. ಊರಾಚೆ ಒಂದು ಗುಡಿಸಲು ಹಾಕಿಕೊಂಡು, ಪ್ರತಿ ಸಂತೆಗೂ ಕಂಬಳಿ ಮಾರುವ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದರು. ಮೊದಲು ಪುಸ್ತಕ ತೆರೆದು ಓದುವರು. ಆಗ ನಾಲ್ಕು ಜನ ನಿಂತು ಕೇಳುವರು. ಓದಿದ್ದನ್ನು ವಿವರಿಸಲು ಪುಸ್ತಕದಿಂದ ತಲೆಯೆತ್ತಿದೊಡನೆ ಉಗ್ಗು ಹಿಡಿಯುತ್ತಿತ್ತು, ಜನ ನಗಲು ಶುರು. "ಯೇ... ಯೇ..." ಎಂದು ಅಣಕಿಸುತ್ತ ಮನೆಗೆ ಹೋಗುವರು. ಉಗ್ಗ್ ಪಾದ್ರಿ ಎಂದೇ ಹೆಸರಾಯಿತು. ಒಬ್ಬ ದರ್ಜಿ ಮಾತ್ರ ಒಂದು ವರ್ಷ ಬಿಡದೆ ಬಂದು ಕೇಳಿದ. ಅವನೇ ಮೊದಲ ಶಿಷ್ಯನಾದಾನು ಎಂದು ಭಾವ ನಂಬಿಕೊಂಡಿದ್ದರು. ಅವನ ಮಗಳಿಗೆ ಗಂಡು ಗೊತ್ತಾಯಿತು. ಬೀಗರು ಏನಂದರೋ, ಆಮೇಲೆ ಅವನು ಆ ದಾರಿಯಲ್ಲೇ ನಡೆಯಲಿಲ್ಲ. ಮೂರು ವರ್ಷ ಹೀಗೇ ಕಳೆಯಿತು. ನಾನು ಅವ್ವನೊಂದಿಗೆ ಸಂತೆಗೆ ಹೋದಾಗ ಆ ಸಾಲನ್ನು ತಪ್ಪಿಸಿ ನಡೆಯುತ್ತಿದ್ದೆ.

ನಾಲ್ಕನೆಯ ವರ್ಷ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಮೇಲೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಭಾವ ರೋಗಿಗಳ ಗುಡಿಸಲುಗಳಿಗೆ ನೀರು ಹೊತ್ತು ಹಾಕುತ್ತಿದ್ದಾರೆಂದು ಜನ ಹೇಳುತ್ತಿದ್ದರು. ನಮ್ಮ ಗುಡಿಸಲಿನಲ್ಲಿ ಅಕ್ಕನ ಮಗಳಿಗೆ ಒಂದು ಬೆಳಿಗ್ಗೆ ಜ್ವರ ಬಂತು, ಮಧ್ಯಾಹ್ನಕ್ಕೆ ಕಂಕುಳಲ್ಲಿ ಗಡ್ಡೆ. ಅಕ್ಕ ನನ್ನನ್ನು ಹೊರಗೆ ಕರೆದು, "ಓಗಿ ಅವ್ರಿಗೆ ಯೋಳು. ಒಂದ್ ದಪ ಬಂದು ಮಗೀನ ಮಕ ನೋಡ್ಕಂಡ್ ಓಗ್ಲಿ" ಎಂದಳು. ನಾಲ್ಕು ವರ್ಷದಲ್ಲಿ ಅವಳು ಅವರ ವಿಷಯ ಆಡಿದ್ದು ಅದೊಂದೇ ಮಾತು.

ಹೊರಟೆ. ಅರ್ಧ ದಾರಿಯಲ್ಲಿ ಅಪ್ಪ ಎದುರಾದರು.

"ಎತ್ಲಾಗೆ?"

"ನೀರಿಗೆ" ಎಂದೆ. ಕೈಯಲ್ಲಿ ಕೊಡ ಇರಲಿಲ್ಲ. ಅಪ್ಪ ನನ್ನ ಬರಿಗೈ ನೋಡಿದರು, ದಾರಿಗೆ ಅಡ್ಡವಾಗಿ ನಿಂತರು. ನಾನು ಹಿಂದಿರುಗಿದೆ. ಹೇಳಿದೆಯಾ ಎಂದು ಅಕ್ಕ ಕೇಳಿದಾಗ ಹೂಂ ಎಂದು ತಲೆಯಾಡಿಸಿದೆ. ಮಾರನೆಯ ದಿನ ಹೊತ್ತು ನೆತ್ತಿಗೇರುವ ತನಕ ಅವಳು ದಾರಿ ನೋಡಿದಳು. ಮಗು ಕಣ್ಣು ಮುಚ್ಚಿದ ಮೇಲೆ ನೋಡಲು ಏನೂ ಉಳಿಯಲಿಲ್ಲ...

ಮೂರನೆಯ ದಿನ ಯಾರಿಂದಲೋ ತಿಳಿದು ಭಾವ ಬಂದರು. ಕಾಲು ಮೊಣಕಾಲಿನ ತನಕ ಕೆಸರು. "ಸತ್ತೋನಿಗೆ ಮಗ್ಳು ಎಲ್ಲಿಂದ ಬಂದ್ಲು?" ಎಂದು ಅಪ್ಪ ಗುಡಿಸಲ ಮುಂದೆಯೇ ತಡೆದರು. ಅಕ್ಕ ಒಳಗಿನಿಂದ ಹೊರಗೆ ಬರಲಿಲ್ಲ. ಕರೆಸಿದರೂ ಬರಲಿಲ್ಲ ಎಂದೇ ಅವಳು ತಿಳಿದಿದ್ದಳು. ಭಾವ ಜಗಳವಾಡದೆ ತಿರುಗಿ ನಡೆದರು. ನಾನು ಹೊಲದ ಬದುವಿನ ತನಕ ಹಿಂದೆ ಹೋದೆ.

"ನ... ನನ್ನ ಕೇಳಿದ್ಲಾ?"

ಮಗುವಿಗೆ ಅವರ ನೆನಪೇ ಇರಲಿಲ್ಲ. "ಹೂಂ ಭಾವ, ಕೇಳಿದ್ಲು" ಎಂದೆ. ಹೇಳಬೇಕಾಗಿದ್ದ ಮಾತು ಅದಲ್ಲ. ಅಕ್ಕ ನನ್ನನ್ನು ಕಳಿಸಿದ್ದಳು, ನಾನು ಬರಲಿಲ್ಲ, ಎನ್ನಬೇಕಿತ್ತು. ಅವರು ನನ್ನ ತಲೆ ಮುಟ್ಟಿ ಹೋದರು.

ಪ್ಲೇಗು ಇಳಿದು ಸಂತೆ ಮತ್ತೆ ಕೂಡಿದಾಗ ಅವರು ಎಂದಿನ ಜಾಗದಲ್ಲಿ ನಿಂತಿದ್ದರು. ಅವತ್ತು ನಾನು ತಪ್ಪಿಸಿಕೊಂಡು ಹೋಗಲಿಲ್ಲ. ಪುಸ್ತಕ ತೆರೆದರು. ಓದಲು ಬಾಯಿ ತೆರೆದರು. ಎಂದೂ ತಡೆಯದಿದ್ದ ಓದು ಅವತ್ತು ನಿಂತುಹೋಯಿತು. ಉಗ್ಗೂ ಬರಲಿಲ್ಲ, ದನಿಯೇ ಇಲ್ಲ. ನಗುವುದಕ್ಕೆಂದೇ ಸೇರಿದ್ದವರು ನಗಲಿಲ್ಲ. ಸೊಪ್ಪು ಮಾರುತ್ತಿದ್ದ ಒಬ್ಬ ಮುದುಕಿ ತನ್ನ ಗೋಣಿತಟ್ಟು ಸರಿಸಿ, "ಕುಂತ್ಕಳಪ್ಪ" ಎಂದಳು. ಅವರು ಕುಳಿತರು. ಸಂತೆ ಕಳೆಯುವ ತನಕ ಕುಳಿತೇ ಇದ್ದರು.

ಆಮೇಲೆ ಪಾದ್ರಿಗಳು ಅವರನ್ನು ಪಾವಗಡದ ಕಡೆಗೆ, ಬಲಸಮುದ್ರದ ಹತ್ತಿರದ ಒಂದು ಹಟ್ಟಿಗೆ ಕಳಿಸಿದರು. ಅಲ್ಲಿ ಮಾತೆಲ್ಲ ತೆಲುಗು. ಇವರಿಗೆ ಕನ್ನಡವೇ ಕಷ್ಟ. ಕೆಲವು ವರ್ಷ ನೋಡಿ, ಒಬ್ಬರೂ ಸೇರಲಿಲ್ಲವೆಂದು ಆ ಕಡೆಯ ಕೆಲಸವನ್ನೇ ಮುಚ್ಚಿ ತುಮಕೂರಿಗೆ ಬಾ ಎಂದರಂತೆ. ಅವರು ಹೋಗಲಿಲ್ಲ. ಕೂಲಿ ಮಾಡಿಕೊಂಡು ಅಲ್ಲೇ ಉಳಿದರು. ನಾನು ಗಂಡ ತೀರಿಕೊಂಡ ಮೇಲೆ ಓದಿ ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ಮೇಡಂ ಆದದ್ದು ಹೇಗೋ ಅವರಿಗೆ ತಿಳಿದು ಒಂದು ಕಾರ್ಡು ಬರೆದಿದ್ದರು. "ನೀನು ಓದಿದ್ದು ಸಂತೋಷ. ಇಲ್ಲಿ ಇನ್ನೂ ಯಾರೂ ಬಂದಿಲ್ಲ. ನಾನು ಇದ್ದೇನೆ." ಉತ್ತರ ಬರೆಯಲು ಕುಳಿತೆ. ಬರೆದರೆ ಬದುವಿನಲ್ಲಿ ಹೇಳದೆ ಬಿಟ್ಟ ಆ ಮಾತನ್ನೇ ಬರೆಯಬೇಕು. ಬರೆಯಲಿಲ್ಲ. ಅವರು ತೀರಿಹೋದ ಸುದ್ದಿ ಬಂದದ್ದು ಎಷ್ಟೋ ತಿಂಗಳ ಮೇಲೆ.

ಕಂಬಳಿ ತಂದ ಮೂರನೆಯ ದಿನ, ಅದೇನು ತೋಚಿತೋ, ಇದ್ದಿಲು ಉರಿಸಿ ಓಡಿಸುವ ಬಸ್ಸು ಹಿಡಿದು ಆ ಹಟ್ಟಿಗೆ ಹೋದೆ. ಅವರನ್ನು ಕಂಡಿದ್ದ ಒಬ್ಬ ಅಜ್ಜ ಸಿಕ್ಕಿದ. "ಮಂಚಿ ಮನಿಷಿ ಕಣಮ್ಮ. ಒಳ್ಳೇನು. ಸಾಯೋ ತಂಕ ಏನೋ ಯೋಳ್ತಾನೇ ಇದ್ದ. ನಮಗೇನೂ ತಿಳೀನಿಲ್ಲ" ಎಂದ. ಮಣ್ಣು ಮಾಡಲು ಊರವರು ಜಾಗ ಕೊಡಲಿಲ್ಲವಂತೆ. ಹಟ್ಟಿಯವರೇ ಹಳ್ಳದ ದಂಡೆಯಲ್ಲಿ ಹೂತರಂತೆ. ಹೋದ ವರ್ಷದ ಮಳೆಗೆ ದಂಡೆಯೇ ಕುಸಿದು ಹೋಗಿದೆ. ಅಜ್ಜ ಕೈ ಚಾಚಿ ಅಲ್ಲಿ ಎಂದ, ಸ್ವಲ್ಪ ಯೋಚಿಸಿ ಇತ್ತಲಾಗೆ ಎಂದ. ಮರಳಿನಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ಮನೆಗೆ ಬಂದಾಗ ಅಕ್ಕ ರಾಗಿ ಹಸನು ಮಾಡುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ, ಗೊತ್ತಿತ್ತು. ಈ ಸಲವಾದರೂ ಹೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. "ಅಕ್ಕಾ, ಅವತ್ತು ನಾನು ಭಾವನಿಗೆ..." ಎಂದು ಶುರು ಮಾಡಿದೆ.

"ಗೊತ್ತು ಬುಡು" ಎಂದಳು. "ನಿನ್ನ ಕೈಯಾಗೆ ಕೊಡ ಇರ್ನಿಲ್ಲ ಅಂತ ಅಪ್ಪ ಸಾಯಾವಾಗ ಯೋಳ್ದ."

ಮೊರವನ್ನು ಕೆಳಗಿಟ್ಟಳು. ನನ್ನ ಕಡೆ ನೋಡದೆ ಕೇಳಿದಳು.

"ಅವ್ರು ಯೋಳ್ತಿದ್ದ ಆ ದ್ಯಾವ್ರಾದ್ರೂ ಕೊನೇಗೆ ಜತ್ಯಾಗೆ ಇದ್ನಂತಾ?"

ಹಟ್ಟಿಯಲ್ಲಿ ಯಾರನ್ನೂ ನಾನು ಅದನ್ನು ಕೇಳಿರಲಿಲ್ಲ. ಕೇಳಿದ್ದರೂ ಹೇಳುವವರು ಯಾರಿದ್ದರು...