ಐರಿಷ್ ಬ್ಯಾಂಡಿನ ಪಿಟೀಲು ಮೇಡಂ

ಮೊನ್ನೆ ಊರಿಂದ ಬಂದು ಸೂಟ್‌ಕೇಸ್ ಬಿಚ್ಚುವಾಗ ನೋಡುತ್ತೇನೆ, ಅತ್ತೆ ಕಟ್ಟಿಕೊಟ್ಟಿದ್ದ ಪೌಡರಿನ ಡಬ್ಬಿ ಮುಚ್ಚಳ ಕಳಚಿ ನನ್ನ ಕಪ್ಪು ಸೀರೆಯ ಮೇಲೆಲ್ಲ ಚೆಲ್ಲಿದೆ. ಬೈಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಆ ಗುಲಾಬಿ ವಾಸನೆ ಪಿಟೀಲು ಮೇಡಂ ಅವರದು...

ತಂತಿಯ ಮೇಲೆ ಬೆರಳು ಸಲೀಸಾಗಿ ಜಾರಲಿ ಎಂದು ಅವರು ನುಡಿಸುವ ಮೊದಲು ಎಡಗೈಗೆ ಪೌಡರು ಬಳಿದುಕೊಳ್ಳುತ್ತಿದ್ದರು. ಅವರಲ್ಲಿ ಪಾಠ ಮುಗಿಸಿ ಬರುವ ನನ್ನ ಮಗಳ ಮೈಗೂ ಅದೇ ವಾಸನೆ. "ಮಮ್ಮಿ, ಇಟ್ಸ್ ಸೋ ಬೋರಿಂಗ್" ಎನ್ನುತ್ತಿದ್ದಳು. ಅವಳಿಗೆ ಪೌಡರು ಹತ್ತಿತು, ಸಂಗೀತ ಹತ್ತಲಿಲ್ಲ.

ಇಲ್ಲಿ ಗಲ್ಫಿನ ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ ನಮ್ಮ ಎದುರಿನ ಫ್ಲ್ಯಾಟು ಅವರದು. ಮೈಸೂರಿನವರು. ಮದುವೆಗೆ ಮುಂಚೆ ದೊಡ್ಡ ದೊಡ್ಡ ಹಾಡುಗಾರರಿಗೆ ಪಕ್ಕವಾದ್ಯ ನುಡಿಸಿದವರಂತೆ. ಹಾಡುಗಾರ ಒಂದು ಸಾಲು ಹಾಡಿದರೆ ಅದರ ಬೆನ್ನಿಗೇ ಇವರು ಅದನ್ನು ನುಡಿಸಬೇಕು. ಮನೆಯಲ್ಲೂ ಅದೇ ಕ್ರಮ. "ಊಟ ಆಯ್ತಾ ಮೇಡಂ?" ಎಂದು ಕೇಳಿದರೆ ಗಂಡನ ಮುಖ ನೋಡುತ್ತಿದ್ದರು. ಅವರು "ಆಯ್ತು, ಈಗ ತಾನೇ" ಎಂದ ಮೇಲೆ ಇವರು "ಹೂಂ, ಈಗ ತಾನೇ." ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಉಡುಪಿಯವಳು, ನಮ್ಮ ಮನೆಯಲ್ಲಿ ಗಂಡನಿಗೆ ಮಾತಿನ ಸರದಿ ಸಿಗುವುದೇ ಹಬ್ಬಕ್ಕೊಮ್ಮೆ.

ಮೇಲಿನ ಮಹಡಿಯಲ್ಲಿ ಒಬ್ಬ ಐರಿಷ್ ಮಾಸ್ತರರಿದ್ದರು. ಶಾಲೆಯಲ್ಲಿ ಆಟ ಕಲಿಸುವವರು. ಉಳಿದ ಹೊತ್ತಿನಲ್ಲಿ ಚೀಲಕ್ಕೆ ಗಾಳಿ ತುಂಬಿ ಊದುವ ಬ್ಯಾಗ್‌ಪೈಪು. ಮೊದಲ ಸಲ ಕೇಳಿದಾಗ ಯಾರೋ ಆಡು ಕಡಿಯುತ್ತಿದ್ದಾರೆ ಎಂದು ವಾಚ್‌ಮನ್‌ಗೆ ಫೋನು ಮಾಡಿದ್ದು ನಾನೇ. ಅವರದೊಂದು ಬ್ಯಾಂಡು. ಅವರ ಊರಿನ ಅಜ್ಜಂದಿರ ಕಾಲದ ಕುಣಿತದ ಹಾಡುಗಳಿಗೆ ಗಿಟಾರು, ಡ್ರಮ್ಮು, ಲ್ಯಾಪ್‌ಟಾಪಿನ ಡಿಸ್ಕೋ ಬೀಟು ಎಲ್ಲ ಸೇರಿಸಿ ಹೊಸ ಒಗ್ಗರಣೆ. ಕಟ್ಟಡದವರು "ಖಲಾಸ್, ಇಲ್ಲಿ ಊದಬೇಡಿ" ಎಂದಾಗ ರಾಸ್ ಅಲ್ ಖೋರ್‌ನಲ್ಲಿ ನನ್ನ ಅಣ್ಣನ ಗ್ಯಾರೇಜು ಕೊಡಿಸಿದ್ದೂ ನಾನೇ. ಆಗಿನ್ನೂ ಇಲ್ಲಿ ಶುಕ್ರವಾರವೇ ವಾರದ ರಜೆ. ಗ್ಯಾರೇಜು ಖಾಲಿ ಇರುತ್ತಿತ್ತು.

ಆ ವರ್ಷ ಅಬುಧಾಬಿಯ ಹೋಟೆಲೊಂದರ ಅಂಗಳದಲ್ಲಿ ಬ್ಯಾಂಡಿನ ದೊಡ್ಡ ಕಾರ್ಯಕ್ರಮ. ಅಷ್ಟರಲ್ಲಿ ಅವರ ಪಿಟೀಲಿನವನು ಕೆಲಸ ಸಿಕ್ಕಿ ಕತಾರ್‌ಗೆ ಹೋಗಿಬಿಟ್ಟ. ಮಾಸ್ತರರು ಲಿಫ್ಟಿನಲ್ಲಿ ಮೇಡಂ ಅವರನ್ನು ಹಿಡಿದು, ನೀವು ಬರುತ್ತೀರಾ ಎಂದು ಕೇಳಿದರು. ಮೇಡಂ ಗಂಡನ ಮುಖ ನೋಡಿದರು. "ನೋ ನೋ, ಇದೆಲ್ಲ ಅವಳಿಗೆ ಆಗಲ್ಲ" ಎಂದರು ಗಂಡ. ಹಿಂದೆಯೇ "ಹೂಂ, ಆಗಲ್ಲ" ಬರಬೇಕಿತ್ತು. ಬರಲಿಲ್ಲ! ಪಕ್ಕದಲ್ಲೇ ನಿಂತಿದ್ದ ನನಗೆ ನನ್ನ ಕಿವಿಯ ಮೇಲೇ ಅನುಮಾನ ಬಂತು.

ಸಂಜೆ ಮೇಡಂ ನಮ್ಮ ಬಾಗಿಲು ತಟ್ಟಿದರು. "ಮದ್ವೆ ಆದ್ಮೇಲೆ ವೇದಿಕೆನೇ ಹತ್ತಿಲ್ಲ ಕಣ್ರೀ. ಒಂದೇ ಒಂದ್ಸಲ ಹತ್ಬೇಕು... ಕರ್ಕೊಂಡ್ ಹೋಗ್ತೀರಾ?"

"ಎಂತ ಕೇಳುದು ಮೇಡಂ, ಕಾರುಂಟು, ನಾನುಂಟು. ಯಲ್ಲಾ, ಹೋಗುವ!" ಎಂದೆ.

ಗ್ಯಾರೇಜಿನಲ್ಲಿ ಮೊದಲ ದಿನವೇ ರಾಮಾಯಣ. ಬ್ಯಾಂಡಿನವರು ನಿಂತು ನುಡಿಸಿ ಎಂದರು. ನಮ್ಮ ಕ್ರಮದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಬೇಕು, ನಿಂತರೆ ಊರುವುದೆಲ್ಲಿಗೆ? ಕೊನೆಗೆ ಅಣ್ಣನ ಸ್ಪ್ಯಾನರುಗಳನ್ನೆಲ್ಲ ಕೆಳಗಿಳಿಸಿ, ಮೇಜಿಗೆ ಜಮಖಾನ ಹಾಸಿ, ಮೇಡಂ ಅವರನ್ನು ಚೌತಿಯ ಗಣಪತಿಯ ಹಾಗೆ ಕೂರಿಸಿದೆವು. ಬ್ಯಾಂಡಿನ ಹಾಡು ಕೇಳಿ, "ಇದು ನಮ್ಮ ಶಂಕರಾಭರಣ ತಾನೇ? ಗಮಕ ಇಲ್ದೆ ಬೋಳಾಗಿದೆ ಅಷ್ಟೇ" ಎಂದ ಮೇಡಂ, ಕೇಳಿದ ಹಾಗೇ ನುಡಿಸಿಯೂ ಬಿಟ್ಟರು. ತೊಂದರೆ ಒಂದೇ. ಮುಖ್ಯ ಹಾಡು ಪಿಟೀಲಿನಿಂದಲೇ ಶುರುವಾಗಬೇಕು. ಮೇಡಂ ಜಪ್ಪಯ್ಯ ಎಂದರೂ ಶುರು ಮಾಡಲೊಲ್ಲರು. "ಫಸ್ಟ್ ಯು, ದೆನ್ ಮಿ" ಎನ್ನುವರು. "ನೋ ಮೇಡಂ, ಯು ಸ್ಟಾರ್ಟ್" ಎನ್ನುವರು ಮಾಸ್ತರರು. ಪ್ರತಿ ಸಲ ಕೊನೆಗೆ ಮಾಸ್ತರರೇ ಸೋತು ಒಂದು ಸಾಲು ಊದಿ ಕೊಡುತ್ತಿದ್ದರು. ಸ್ಟೇಜಿನ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆವು. ಕೆಟ್ಟ ಧೈರ್ಯ.

ಅಬುಧಾಬಿಯಲ್ಲಿ ಐರಿಷರ ಹಬ್ಬದ ಹಸಿರು ಟೊಪ್ಪಿ ಹಾಕಿದ ಜನವೋ ಜನ. "ನಾನು ಬರಲ್ಲ" ಎಂದಿದ್ದ ಗಂಡ ಮುಂದಿನ ಸಾಲಿನಲ್ಲೇ ಕೂತಿದ್ದರು. ಮೇಜಿನ ಮೇಲೆ ರೇಷ್ಮೆ ಸೀರೆಯಲ್ಲಿ ಮೇಡಂ. ಮುಖ್ಯ ಹಾಡು ಬಂತು. ಮೇಡಂ ಮಾಸ್ತರರನ್ನು ನೋಡಿದರು. ಮಾಸ್ತರರು ಈ ಸಲ ಊದಲಿಲ್ಲ. ಹಟಮಾರಿ, ಪೈಪನ್ನು ಕಂಕುಳಲ್ಲಿಟ್ಟು, ನೀವೇ ಶುರು ಮಾಡಿ ಎಂಬಂತೆ ತಲೆಬಾಗಿದರು. ಮೇಡಂ ಅವರ ಕಮಾನು ತಂತಿಗೆ ತಾಗದೆ ಗಾಳಿಯಲ್ಲೇ ಇತ್ತು. ಹಿಂದೆ ಯಾರೋ ಕೆಮ್ಮಿದರು. ಮುಗಿಯಿತು ಕಥೆ, ಎದ್ದು ಹೋಗಿಬಿಡುತ್ತಾರೆ ಎಂದುಕೊಂಡೆ. ಕೊನೆಗೆ ಅವರು ಗಂಡನ ಮುಖ ನೋಡಿದರು.

ಅಭ್ಯಾಸ ಬಲ ನೋಡಿ. ಗಂಡ ಥಟ್ಟನೆ ಎದ್ದು ನಿಂತು, "ಎಕ್ಸ್‌ಕ್ಯೂಸ್ ಮಿ! ಯು ಸ್ಟಾರ್ಟ್. ಶಿ ವಿಲ್ ಫಾಲೋ!" ಎಂದು ಕೂಗಿದರು.

ಜನ ಘೊಳ್ಳೆಂದು ನಕ್ಕರು. ಮೇಡಂ ಮುಖ ಕೆಂಪಗಾಯಿತು. "ರೀ, ನೀವು ಸುಮ್ನೆ ಕೂತ್ಕೊಳ್ರೀ!"

ಮೈಕು ಎದುರಿಗೇ ಇತ್ತು. ಆ ಮಾತು ಹೋಟೆಲಿನ ಈಜುಕೊಳದವರೆಗೂ ಕೇಳಿಸಿತು. ಕನ್ನಡ ಬಾರದ ಐರಿಷ್ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಂಡ ಕೂತರು. ಅದೇ ಸಿಟ್ಟಿನಲ್ಲಿ ಮೇಡಂ ಕಮಾನು ಎಳೆದರು ನೋಡಿ... ಒಂದು ಸಾಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲೇ ಇಲ್ಲ. ಗಮಕ ಹಾಕಿದರು, ಸ್ವರ ಹಾಕಿದರು. ಲ್ಯಾಪ್‌ಟಾಪಿನವನು ಯಾವ ಗುಂಡಿ ಒತ್ತುವುದೆಂದು ತಿಳಿಯದೆ ಕೈ ಎತ್ತಿಬಿಟ್ಟ. ಮಾಸ್ತರರು ನಗುತ್ತ ನಗುತ್ತ ಅವರ ಹಿಂದೆಯೇ ಊದಿಕೊಂಡು ಹೋದರು. ಜನ ಟೊಪ್ಪಿ ಎಸೆದು ಕುಣಿದರು, ನಾನೂ ಕುಣಿದೆ.

ವಾಪಸು ಬರುವಾಗ ಕಾರಿನಲ್ಲಿ, "ಹೇಗಿತ್ತು ಸರ್?" ಎಂದು ಗಂಡನನ್ನು ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು. "ಚೆನ್ನಾಗೇ ಇತ್ತು" ಎಂದರು ಮೇಡಂ. "ಹೂಂ, ಚೆನ್ನಾಗೇ ಇತ್ತು" ಎಂದರು ಅವರು.

ಆಮೇಲೆ ಗಂಡ ನಿವೃತ್ತರಾಗಿ ಇಬ್ಬರೂ ಮೈಸೂರಿಗೆ ಹೋದರು. ಮೇಡಂ ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಪೌಡರು ಚೆಲ್ಲಿದ ದಿನ ಮನಸ್ಸು ತಡೆಯದೆ ಅವರ ಗಂಡನಿಗೆ ಫೋನು ಮಾಡಿದೆ.

"ಇಲ್ಲಿಗೆ ಬಂದ್ಮೇಲೆ ಪಕ್ಕವಾದ್ಯಕ್ಕೆ ತುಂಬಾ ಜನ ಕರೆದ್ರು. ಅವಳು ಹೋಗ್ಲೇ ಇಲ್ಲ" ಎಂದರು. "ದಿನಾ ಸಂಜೆ ಮನೇಲೇ ಅವಳ ಕಚೇರಿ. ನಾನು ಪಕ್ಕ ಕೂತು ತಾಳ ಹಾಕ್ತಿದ್ದೆ. ತಪ್ಪಿದ್ರೆ ಕಮಾನಿನಲ್ಲೇ ಮಂಡಿಗೆ ಒಂದು ಬಿಡ್ತಿದ್ಲು."

ನಾನು ನಕ್ಕೆ. ಅವರೂ ನಕ್ಕರು.

"ಈಗಲೂ ಸಂಜೆ ಕೂತ್ಕೋತೀನಮ್ಮ. ತಾಳ ಹಾಕ್ತೀನಿ. ಸರಿ ಹಾಕ್ತೀನೋ ತಪ್ಪು ಹಾಕ್ತೀನೋ, ಹೇಳೋರೇ ಇಲ್ಲ."

ನಾನು ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ.